ಕೋಚ್ ಹೇಳದ ಕಾರಣ

"ಈ ಹುಡುಗೀನ ವರ್ಷವಿಡೀ ಬೆಂಚಲ್ಲೇ ಕೂರಿಸಿದ್ರಲ್ಲ, ಯಾಕೆ ಸರ್?" ಹುಡುಗಿಯ ತಾಯಿಯ ವಕೀಲರು ಮತ್ತೆ ಕೇಳಿದರು. ಕಟಕಟೆಯಲ್ಲಿದ್ದ ಶಾಲೆಯ ವಾಲಿಬಾಲ್ ಕೋಚ್ ಕುತ್ತಿಗೆಯ ಸೀಟಿಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಕೈ ಬೆಚ್ಚಗೆ ಮಾಡಿದವರ ಮಕ್ಕಳನ್ನಷ್ಟೇ ಇವರು ಆಡಿಸುತ್ತಾರೆ ಎಂದು ಪತ್ರಿಕೆಯ ಓದುಗರ ಅಂಕಣಕ್ಕೆ ಬರೆದವಳು ತಾಯಿ. ಅದಕ್ಕಾಗಿ ಮಾನನಷ್ಟದ ದಾವೆ ಹೂಡಿದವರು ಕೋಚ್.

ತಾಯಿ ಪಕ್ಕದಲ್ಲಿದ್ದ ಮಗಳನ್ನು ಮೆಲ್ಲಗೆ ತಿವಿದಳು. "ನೋಡೇ, ಬಾಯಿಗೆ ಬೀಗ ಬಿತ್ತು."

ಮಗಳು ತಲೆ ಎತ್ತಲಿಲ್ಲ. "ಯಾರಿಗೂ ಹೇಳ್ಬೇಡಿ ಅಂತ ನಾನೇ ಸರ್ ಹತ್ರ ಮಾತು ತಗೊಂಡಿದ್ದೆ ಅಮ್ಮ. ಆಡಿಸ್ಬೇಡಿ ಅಂತ ಬೇಡ್ಕೊಂಡಿದ್ದೂ ನಾನೇ. ನೀನು ಗೆರೆ ಹತ್ರ ನಿಂತು ಕೂಗ್ತೀಯಲ್ಲ, ನಂಗೆ ಕೈಕಾಲೇ ಆಡಲ್ಲ."

"ಏನಂದೆ?" ತಾಯಿಯ ದನಿ ಏರಿತು. ಮಗಳ ಭುಜಗಳು ತಾವಾಗಿಯೇ ಕಿವಿಯವರೆಗೆ ಮುದುಡಿದವು. ಆಟದಂಗಳದಲ್ಲಿ ಚೆಂಡು ಬಂದಾಗಲೆಲ್ಲ ಅವು ಹಾಗೇ ಮುದುಡುತ್ತಿದ್ದವು. ಚೆಂಡಿಗೆ ಹೆದರುತ್ತಾಳೆಂದು ತಾಯಿ ಇನ್ನಷ್ಟು ಜೋರಾಗಿ ಕೂಗುತ್ತಿದ್ದಳು.

"ಇವರ ಹತ್ರ ಉತ್ತರವಿಲ್ಲ, ಬರೆದುಕೊಳ್ಳಬಹುದು," ಎಂದು ವಕೀಲರು ನ್ಯಾಯಾಧೀಶರತ್ತ ತಿರುಗಿದರು.

ಮಗಳ ಭುಜಗಳನ್ನೇ ನೋಡುತ್ತಿದ್ದ ತಾಯಿ ಎದ್ದು ನಿಂತಳು. "ಉತ್ತರ ಇದೆ," ಎಂದಳು. ಪಕ್ಕದಲ್ಲೇ ಕೂತಿದ್ದ ಮಗಳಿಗೂ ಅದು ಸರಿಯಾಗಿ ಕೇಳಿಸಲಿಲ್ಲ.