ಮಣ್ಣಿನ ಹಗ್ಗ

“ಈ ಸಲ ಹೂಜಿಗೆ ರುಮಾಲು ಬೇಡ, ಕಿವಿ ಓಲೆನೂ ಬೇಡ. ಕುತ್ತಿಗೆಗೆ ಹಗ್ಗ ಸುತ್ತು. ಮುಖ ಮಾತ್ರ ಅದೇ ಇರ್ಲಿ,” ಎಂದ ಗುಡಿಯ ಪಾರುಪತ್ಯಗಾರ. “ಬರೋ ಹುಣ್ಣಿಮೆಗೆ ಬಲಿ. ನಿನ್ ಮಗನ ಜೊತೆ ಈ ಹೂಜಿನೂ ಗುಂಡಿಗೆ ಹೋಗ್ಬೇಕು. ಅಚ್ಚು ನಿನ್ ಹತ್ರಾನೇ ಇದ್ಯಲ್ಲ?”

ಅಚ್ಚು ಇತ್ತು. ಮಗ ಪುಯ್ಕೊ ಮೊದಲ ಕಾಳಗ ಗೆದ್ದು ಬಂದಾಗ ಕುಂಬಾರ ಯೊಂತೋಪ ಅವನ ಮುಖ ನೋಡಿ ಮಾಡಿದ್ದು. ಹುಬ್ಬಿನ ಮೇಲಿನ ಗಾಯದ ಗುರುತನ್ನೂ ಬಿಟ್ಟಿರಲಿಲ್ಲ. ಆಮೇಲೆ ಕಣಿವೆಯ ಮನೆಮನೆಯಲ್ಲೂ ಆ ಮುಖದ ಹೂಜಿಯೇ. ಮದುವೆಯಲ್ಲಿ ಜೋಳದ ಹೆಂಡ ಬಗ್ಗಿಸುವುದಕ್ಕೂ ಅದೇ, ಸತ್ತವರಿಗೆ ಎರೆಯುವುದಕ್ಕೂ ಅದೇ. ಮೊನ್ನೆಯ ಕಾಳಗದಲ್ಲಿ ಪುಯ್ಕೊನ ರುಮಾಲು ಬಿತ್ತು. ಗೆದ್ದವನು ಅವನ ಜುಟ್ಟು ಹಿಡಿದು ಗುಡಿಗೆ ಎಳೆದುಕೊಂಡು ಹೋದ. ಅವತ್ತೇ ಹೂಜಿಗಳೆಲ್ಲ ಮೂಲೆ ಸೇರಿದವು. ಸೋತವನ ತಲೆಯಿಂದ ಸುರಿದ ಹೆಂಡ ಯಾರ ಗಂಟಲಲ್ಲಿ ಇಳಿದೀತು? ಜನ ಇರುವುದೇ ಹಾಗೆ.

ಮಗ ಉಳಿಯುವುದಿಲ್ಲವೆಂದು ಯೊಂತೋಪನಿಗೆ ಗೊತ್ತಿತ್ತು. ಗುಡಿ ಹತ್ತಿದ ಸೆರೆಯಾಳು ಯಾರೂ ಇಳಿದು ಬಂದಿರಲಿಲ್ಲ. ಅವನನ್ನು ಕಾಡುತ್ತಿದ್ದುದು ಆ ಹಗ್ಗ. ಹಗ್ಗದ ಹೂಜಿಯ ಜೊತೆ ಹೂತವನು ಆ ಲೋಕದಲ್ಲೂ ಕಟ್ಟಿಹಾಕಿದ ಆಳು. ಗೆದ್ದವನ ಹಿಂದೆ ಎಂದೆಂದಿಗೂ ತಲೆ ತಗ್ಗಿಸಿ ನಡೆಯಬೇಕು. ಹಗ್ಗವಿಲ್ಲದಿದ್ದರೆ ಅಜ್ಜಂದಿರ ಪಕ್ಕ ಕೂತು ಕುಡಿಯಬಹುದು.

ಅಚ್ಚಿನಿಂದ ತೆಗೆದ ಮುಖದ ರುಮಾಲು, ಓಲೆಗಳನ್ನು ಅವನೇ ಕೆರೆದು ಹಾಕಿದ. ಮಣ್ಣಿನ ಹುರಿ ಹೊಸೆದು ಕುತ್ತಿಗೆಗೆ ಸುತ್ತಿದ. ಆದರೆ ಹಿಡಿತಕ್ಕೆ ಬೇಕಾದ ಗೀರು ಹಾಕಲಿಲ್ಲ, ಅಂಟಿನಂಥ ತೆಳು ಮಣ್ಣಿನ ಬಗ್ಗಡ ಹಚ್ಚಲಿಲ್ಲ. ಹಾಗೆ ಅಂಟಿಸಿದ್ದು ಆವಿಗೆಯ ಬೆಂಕಿಯಲ್ಲಿ ತಾನಾಗಿ ಕಳಚಿ ಬೀಳುತ್ತದೆ. ಹುಣ್ಣಿಮೆಯ ಬೆಳಿಗ್ಗೆಯೇ ಆವಿಗೆ ತೆಗೆದರೆ ಇನ್ನೊಂದು ಮಾಡಿಸಲು ಗುಡಿಯವರಿಗೆ ಹೊತ್ತಿರುವುದಿಲ್ಲ.

“ಒಂದ್ ತುತ್ತು ತಿನ್ನಿ, ಕೈಯಲ್ಲಿ ಕಸುವೇ ಉಳಿದಿಲ್ಲ ನಿಮ್ಗೆ,” ಎಂದಳು ಹೆಂಡತಿ ಸಿಯೆಕಾ.

“ಹಸಿವಿಲ್ಲ ಕಣೇ. ಇದು ನೆರಳಲ್ಲಿ ಒಣಗ್ಲಿ. ಮುಟ್ಬೇಡ.”

ಹುಣ್ಣಿಮೆಯ ಬೆಳಿಗ್ಗೆ ಪಾರುಪತ್ಯಗಾರ ಅಂಗಳದಲ್ಲಿ ಬಂದು ನಿಂತ. ಯೊಂತೋಪ ಬಿಸಿ ಬೂದಿಯೊಳಗೆ ಕೈ ಹಾಕಿ ಹೂಜಿ ಎತ್ತಿದ. ಹೂಜಿಯ ಮೇಲಿಂದ ಪುಯ್ಕೊ ಹುಬ್ಬಿನ ಗಾಯದ ಸಮೇತ ಅಪ್ಪನನ್ನೇ ನೋಡುತ್ತಿದ್ದ. ಕುತ್ತಿಗೆಯಲ್ಲಿ ಹಗ್ಗ ಇತ್ತು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮುದುಕ ಕುಂಬಾರ ಉಗುರು ಹಾಕಿ ಕೀಳಲು ನೋಡಿದ, ಅದು ಜಗ್ಗಲಿಲ್ಲ.

“ಕೀಳ್ಬೇಡಿ,” ಸಿಯೆಕಾ ಅವನ ಕಿವಿಯ ಹತ್ತಿರ ಪಿಸುಗುಟ್ಟಿದಳು. “ಗೀರೇ ಹಾಕ್ದೆ ಅಂಟಿಸಿದ್ರಿ. ನಾನು ಬಿಚ್ಚಿ, ಗೀರು ಹಾಕಿ, ಬಗ್ಗಡ ಹಚ್ಚಿ, ಮತ್ತೆ ಕೂರಿಸ್ದೆ.”

“ನೀನಾ? ಹೆತ್ತವಳೇನೇ ನೀನು?”

“ಹೆತ್ತವಳೇ. ಅದು ಬಿದ್ದಿದ್ರೆ ಇವ್ರು ನಿಮ್ ಕುತ್ತಿಗೆಗೆ ನಿಜವಾದ ಹಗ್ಗಾನೇ ಹಾಕ್ತಿದ್ರು. ಅವನಂತೂ ಹೋದ. ನೀವೂ ಹೋದ್ರೆ ನಾನ್ ಯಾರಿಗೆ ಗಂಜಿ ಕಾಯಿಸ್ಲಿ?”

ಯೊಂತೋಪನಿಗೆ ಅವಳ ಮೇಲೆ ಕೈ ಎತ್ತಬೇಕೆನಿಸಿತು, ಅವಳನ್ನು ತಬ್ಬಿಕೊಂಡು ಅಳಬೇಕೆನಿಸಿತು. ಎರಡೂ ಆಗಲಿಲ್ಲ. ಅಷ್ಟರಲ್ಲಿ ಪಾರುಪತ್ಯಗಾರ ಹೂಜಿಯನ್ನು ಕೈಗೆ ತೆಗೆದುಕೊಂಡು ಹಗ್ಗದ ಸುತ್ತ ಬೆರಳಾಡಿಸಿದ.

“ಭೇಷ್! ಏನ್ ಬಿಗಿಯಾಗಿ ಕೂರಿಸಿದೀಯಪ್ಪಾ. ಇದು ನಿನ್ನಂಥ ಮುದುಕನ ಕೈ ಅಲ್ಲ. ಯಾರ ಕೈ ಇದು?”

ಗಂಡ ಬಾಯಿ ತೆರೆಯುವ ಮೊದಲೇ ಸಿಯೆಕಾ ಮುಂದೆ ಬಂದು ಕೈಮುಗಿದಳು.

“ಅವನ ತಾಯೀದು, ಸ್ವಾಮಿ.”