ಒಂದು ಲಕ್ಷ ಒತ್ತಿ ನೋಡ್ರಿ

"ಕೆರಿ ನೀರು ನಲವತ್ತು ಕೋಟಿ ಲೀಟರ್!" ಎಂಜಿನಿಯರ್ ಸಾಹೇಬರು ಹೊಸ ಕ್ಯಾಲ್ಕುಲೇಟರನ್ನು ಮೇಜಿನ ಮೇಲಿಟ್ಟು, ಅಂಕಿಯನ್ನು ಹಾಳೆಯಲ್ಲಿ ಬರೆದು ಸಹಿ ಹಾಕಲು ಹೊರಟರು. ಅಷ್ಟರಲ್ಲಿ ಸಂಜೆ ಕಾಲೇಜಿಗೆ ಹೋಗುವ ಗುಮಾಸ್ತೆ ಶೇಖರಮ್ಮನ ಅಂಗೈ ಸಹಿಯ ಜಾಗದ ಮೇಲೆ ಬಿದ್ದಿತ್ತು. ತಾನೇ ಇಟ್ಟ ಕೈ ಕಂಡು ಅವಳೇ ಬೆಚ್ಚಿದಳು. ಕುಕನೂರು ಕಡೆಯ ಹಳ್ಳಿಯೊಂದಕ್ಕೆ ಕುಡಿಯಲು ಇದ್ದದ್ದು ಅದೊಂದೇ ಕೆರೆ. ನಲವತ್ತು ಕೋಟಿ ಎಂದು ಸಹಿ ಬಿದ್ದರೆ, ನೀರು ಸಾಕಷ್ಟಿದೆ ಎಂದು ಹೂಳೆತ್ತುವ ಕೆಲಸ ರದ್ದು. ಅವಳ ಇನ್ನೊಂದು ಕೈಯಲ್ಲಿದ್ದ ಕೈಲೆಕ್ಕದ ಹಾಳೆಯಲ್ಲಿ ಬಂದದ್ದು ನಾಲ್ಕೇ ಕೋಟಿ.

"ಸಂಜಿ ಕಾಲೇಜಿನ್ಯಾಗ ಸೊನ್ನಿ ಕಡಿಮಿ ಕೊಡ್ತಾರೇನ್ರಿ ಅಕ್ಕಾರ?" ಪಕ್ಕದ ಮೇಜಿನ ಕರಿಬಸಪ್ಪ ನಕ್ಕ. ನಾಲ್ಕು ಸಲ ತಾಳೆ ನೋಡಿದ್ದರೂ, ಮಷೀನು ತಪ್ಪುತ್ತದೆಯೇ ಎಂಬ ಅಳುಕು ಶೇಖರಮ್ಮನಿಗೆ. ಆದರೆ ಕೆರೆಯ ವಿಸ್ತೀರ್ಣ, ನಲವತ್ತು ಸಾವಿರ ಚದರ ಮೀಟರ್, ಒತ್ತುವಾಗ ಸಾಹೇಬರ ಬೆರಳನ್ನು ಅವಳು ನೋಡಿದ್ದಳು: ನಾಲ್ಕು, ಗುಣಿಸು, ಹತ್ತು, ಸೊನ್ನೆ ಸೇರಿಸುವ 'ಇಎಕ್ಸ್‌ಪಿ' ಎಂಬ ಗುಂಡಿ, ಮತ್ತೆ ನಾಲ್ಕು.

"ಸರ, ಹಂಗ ಒಂದು ಲಕ್ಷ ಒತ್ತಿ ನೋಡ್ರಿ. ಒಂದು, ಗುಣಿಸು, ಹತ್ತು, ಆ ಗುಂಡಿ, ಐದು."

ಸಾಹೇಬರು ಸಿಡುಕುತ್ತಲೇ ಒತ್ತಿದರು. ಪೆನ್ನಿನ ತುದಿಯಿಂದ ಸೊನ್ನೆ ಎಣಿಸಿದರು. ಆರು ಇದ್ದವು. "ಹತ್ತು ಲಕ್ಷ ತೋರಸ್ತದಲ್ಲ!"

"ಆ ಗುಂಡಿಯೊಳಗ ಹತ್ತು ಮೊದಲ ಐತ್ರಿ. ನೀವು ಇನ್ನೊಂದು ಹತ್ತು ಕೊಟ್ರಿ, ಒಂದು ಸೊನ್ನಿ ಹೆಚ್ಚಾತು."

ಕರಿಬಸಪ್ಪನ ನಗು ನಿಂತಿತ್ತು. ಸಾಹೇಬರು ತಾವು ಬರೆದ ನಲವತ್ತು ಕೋಟಿಯನ್ನು ಹೊಡೆದುಹಾಕಿದರು. ಶೇಖರಮ್ಮ ಕೈ ಕದಲಿಸಲಿಲ್ಲ.

"ನಿಮ್ಮ ಹಾಳಿ ಕೊಡ್ರಿ," ಎಂದರು ಕಡೆಗೆ. "ಅದಕ್ಕ ಸಹಿ ಹಾಕ್ತೀನಿ."

ಆಗ ಅವಳು ಅಂಗೈ ತೆಗೆದಳು.