ಕೋವಿಗೆ ಎಣ್ಣೆ

ಗಂಡನಿಗೆ ಸಿಟ್ಟು ನೆತ್ತಿಗೇರಿದಾಗಲೆಲ್ಲ ಜಗುಲಿಯ ಗೂಟದಲ್ಲಿದ್ದ ಕೋವಿ ಇಳಿದು ಅವಳ ಮಡಿಲಿಗೆ ಬರುತ್ತಿತ್ತು.

"ಚೆನ್ನಾಗಿ ಒರೆಸಿಡು. ನೀನು ತವರಿನ ದಾರಿ ಹಿಡಿದ ದಿನ ಇದು ಕೈಕೊಡಬಾರದು."

ತಮಾಷೆಯ ಮಾತಲ್ಲ. ಅವನ ಗುರಿ ತಪ್ಪಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಮಾಗಿಯ ಆ ಸಂಜೆಯೂ ಅವಳು ಕೋವಿ ಬಿಚ್ಚಿಕೊಂಡು ಕೂತಳು. ಮಸಿ ಬಿಡಿಸಲು ಸೀಮೆಎಣ್ಣೆ ಸವರಿದಳು, ಒಣಬಟ್ಟೆಯಿಂದ ತಿಕ್ಕಿದಳು, ಕೊನೆಗೆ ಒಳಗಿನ ಸ್ಪ್ರಿಂಗಿಗೆಲ್ಲ ಎಣ್ಣೆ ಬಿಟ್ಟು ಜೋಡಿಸಿ ಕೊಟ್ಟಳು.

"ಹೊಲಿಗೆ ಮಿಶಿನ್ನಿನ ಎಣ್ಣೆಯನ್ನೇ ಹಾಕಿದ್ದು ತಾನೇ?"

"ಹೂಂ ರೀ."

ಅವನು ನಳಿಗೆಯೊಳಗೆ ಇಣುಕಿದ. ಫಳಫಳ ಹೊಳೆಯುತ್ತಿತ್ತು. ಆದರೂ ಮೂಗರಳಿಸಿದ.

"ಕೊಬ್ಬರಿ ಎಣ್ಣೆ ವಾಸನೆ ಬರ್ತಿದೆಯಲ್ಲ?"

ಅವಳು ಜಡೆಯನ್ನು ಮುಂದಕ್ಕೆಳೆದು ತೋರಿಸಿದಳು. "ತಲೆಗೆ ಹಚ್ಚಿದ್ದೀನಿ."

ಅವನು ತೋಟಾ ತುಂಬಿ ಕೋವಿಯನ್ನು ಜಗುಲಿಯ ಗೂಟಕ್ಕೆ ಸಿಕ್ಕಿಸಿದ. ಎಂದಿನಂತೆ ಬಾಗಿಲಿಗೆ ಅಡ್ಡವಾಗಿ ಮಲಗಿದ.

ಬೆಳಿಗ್ಗೆ ಬೆರಳು ಮರಗಟ್ಟುವಂಥ ಚಳಿ. ಅವನು ಮುಖ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಅವಳು ಚೀಲ ಹಿಡಿದು ಅಂಗಳಕ್ಕಿಳಿದಳು. ಗೇಟಿಗೆ ಇನ್ನೂ ಅರ್ಧ ದಾರಿ ಇರುವಾಗ ಬೆನ್ನ ಹಿಂದೆ ಅವನ ಧ್ವನಿ ಕೇಳಿತು.

"ನಿಂತ್ಕೋ! ಇನ್ನೊಂದು ಹೆಜ್ಜೆ ಇಟ್ರೆ ಸುಟ್ಟುಬಿಡ್ತೀನಿ!"

ಅವಳು ಹೆಜ್ಜೆ ಇಟ್ಟಳು. ಅವನು ಗುರಿಯಿಟ್ಟು ಕೋವಿಯ ಕುದುರೆ ಎಳೆದ. ಗುಂಡು ಹಾರಲಿಲ್ಲ. ಬೈಯುತ್ತಾ ಮತ್ತೆ ಎಳೆದ. ಆಗಲೂ ಹಾರಲಿಲ್ಲ.

ಗೇಟಿನ ಚಿಲಕ ತೆಗೆಯುತ್ತಾ ಅವಳು ಹೇಳಿದಳು:

"ಬಿಸಿಲೇರಲಿ ಇರ್ರೀ. ಕೊಬ್ಬರಿ ಎಣ್ಣೆ ಕರಗಬೇಕಲ್ಲ."